ಸತ್ಯಾಂಶ: ಎಂಆರ್‌ಎನ್‌ಎ ಲಸಿಕೆ ಪಡೆದರೆ ಪ್ರೋಟೀನ್ ತಯಾರಿ ನಿಲ್ಲುವುದೇ ಇಲ್ಲವೇ?

‘ಎಂಆರ್‌ಎನ್‌ಎ ಕೋವಿಡ್ ಲಸಿಕೆ ಹಾಕಿಸಿಕೊಂಡರೆ ಜೀವನವಿಡೀ ದೇಹ ವೈರಸ್ಸಿನ ಪ್ರೋಟೀನ್ ಮಾಡುತ್ತಲೇ ಇರುತ್ತದೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಓಡಾಡುತ್ತಿದೆ. ಇದು ನಿಜವಲ್ಲ.

ಎಂಆರ್‌ಎನ್‌ಎ ಅಂದರೆ ಯಾವ ಪ್ರೋಟೀನ್ ಮಾಡಬೇಕೆಂದು ಜೀವಕೋಶಕ್ಕೆ ಹೇಳುವ ಅಣು; ಅಡುಗೆಯವರಿಗೆ ಬರೆದುಕೊಟ್ಟ ಚೀಟಿ ಇದ್ದಂತೆ. ಲಸಿಕೆಯಲ್ಲಿರುವುದು ವೈರಸ್ಸಿನ ಒಂದು ಪ್ರೋಟೀನಿನ ಚೀಟಿ. ಅದನ್ನು ಓದಿ ಪ್ರೋಟೀನ್ ಕಟ್ಟುವುದು ಕೋಶದೊಳಗಿನ ರೈಬೋಸೋಮ್ ಎಂಬ ಪುಟ್ಟ ಯಂತ್ರ. ಎಷ್ಟು ಸಲ ಓದಬೇಕು, ಯಾವಾಗ ಹರಿದು ಹಾಕಬೇಕು ಅನ್ನುವುದು ಜೀವಕೋಶದ ಕೈಯಲ್ಲಿದೆ.

ಉದಾಹರಣೆಗೆ ಫೆರಿಟಿನ್ ನೋಡಿ, ಕಬ್ಬಿಣವನ್ನು ಕೂಡಿಡುವ ಪ್ರೋಟೀನ್. ಕೋಶದಲ್ಲಿ ಕಬ್ಬಿಣ ಕಡಿಮೆ ಇದ್ದಾಗ ಇನ್ನೊಂದು ಪ್ರೋಟೀನ್ ಬಂದು ಫೆರಿಟಿನ್‌ನ ಎಂಆರ್‌ಎನ್‌ಎಯ ಆರಂಭದ ಭಾಗಕ್ಕೆ ಅಂಟಿಕೊಳ್ಳುತ್ತದೆ. ರೈಬೋಸೋಮ್‌ಗೆ ಓದಲು ದಾರಿಯೇ ಇರುವುದಿಲ್ಲ. ಕಬ್ಬಿಣ ಜಾಸ್ತಿಯಾದರೆ ಅಂಟಿಕೊಂಡಿದ್ದ ಪ್ರೋಟೀನ್ ಕಳಚಿಕೊಳ್ಳುತ್ತದೆ, ತಯಾರಿ ಶುರು. ಕೂಡಿಡಲು ಕಬ್ಬಿಣವೇ ಇಲ್ಲದಾಗ ಸುಮ್ನೆ ಯಾಕೆ ಮಾಡಬೇಕು, ಅಲ್ವಾ?

ಎಂಆರ್‌ಎನ್‌ಎಗೆ ಅಡಿನೀನ್ ಎಂಬ ಘಟಕಗಳ ಉದ್ದನೆಯ ಬಾಲವಿರುತ್ತದೆ. ಕಿಣ್ವಗಳು ಅದನ್ನು ಕತ್ತರಿಸುತ್ತ ಬರುತ್ತವೆ. ಬಾಲ ಮೊಟಕಾದ ಮೇಲೆ ಉಳಿದದ್ದೂ ಚೂರಾಗುತ್ತದೆ. ಲಸಿಕೆಯದ್ದನ್ನು ಬೇಗ ಕೆಡದಂತೆ ಮಾರ್ಪಡಿಸಿರುತ್ತಾರೆ, ನಿಜ. ದುಗ್ಧರಸ ಗ್ರಂಥಿಗಳಲ್ಲಿ ಕೆಲವು ವಾರ ಕಾಣಿಸಿದ್ದೂ ಉಂಟು. ಆದರೆ ಫೈಜರ್, ಮಾಡರ್ನಾ ಲಸಿಕೆಗಳ ಎಂಆರ್‌ಎನ್‌ಎ ತನ್ನ ನಕಲು ಮಾಡಿಕೊಳ್ಳುವುದಿಲ್ಲ. ಚೂರಾದರೆ ಮುಗಿಯಿತು.

ಅಂದ ಹಾಗೆ, ನಮ್ಮಲ್ಲಿ ಹೆಚ್ಚಿನವರು ಹಾಕಿಸಿಕೊಂಡ ಕೋವಿಶೀಲ್ಡ್, ಕೋವ್ಯಾಕ್ಸಿನ್ ಎಂಆರ್‌ಎನ್‌ಎ ಲಸಿಕೆಗಳೇ ಅಲ್ಲ.