ಅಜ್ಜ ಕೊಡಿಸಿದ ವೀಸಾ

ನನ್ನ ಅಮ್ಮ ಹುಟ್ಟಿದ್ದು 1952ರಲ್ಲಿ, ಕುಂಬಳೆಯಿಂದ ಒಳಗೆ, ಅಡಕೆ ತೋಟದ ನಡುವಿನ ಒಂದು ಮನೆಯಲ್ಲಿ. ಆಗ ಅದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ. 1956ರ ನವೆಂಬರ್ 1ಕ್ಕೆ ಕೇರಳವಾಯಿತು. ಮತ್ತೆ ಕಣ್ಣೂರು ಜಿಲ್ಲೆಯಾಯಿತು. 1984ರಲ್ಲಿ ಕಾಸರಗೋಡು ಜಿಲ್ಲೆಯಾಯಿತು. ಅಮ್ಮ ಮಾತ್ರ ಮದುವೆಯಾಗಿ ನಾಲ್ಕು ಮೈಲು ಆಚೆಗೆ ಬಂದದ್ದು, ಅಷ್ಟೇ. ಎರಡು ರಾಜ್ಯ, ಮೂರು ಜಿಲ್ಲೆ ನೋಡಿದ ಅವಳ ಹತ್ತಿರ ಯಾರೂ ಒಂದು ಕಾಗದ ಕೇಳಿದವರಿಲ್ಲ. ಕೇಳಿದ್ದು ಒಂದೇ ಸಲ, 2021ರಲ್ಲಿ, ಕರ್ನಾಟಕದ ಗಡಿ ತಲಪಾಡಿಯಲ್ಲಿ. 72 ಗಂಟೆಯೊಳಗಿನ ಕೊರೊನಾ ಆರ್‌ಟಿಪಿಸಿಆರ್ ಸರ್ಟಿಫಿಕೇಟ್. ಮಂಗಳೂರಿನಲ್ಲಿ ಕಣ್ಣು ತೋರಿಸಲು ಮೂಗಿಗೆ ಕಡ್ಡಿ ಹಾಕಿಸಿಕೊಂಡ ಕತೆಯನ್ನು ಅವಳು ಇವತ್ತಿಗೂ ಹೇಳುತ್ತಾಳೆ.

ಹೀಗಿರುವಾಗ ದುಬೈಯಲ್ಲಿರುವ ತಂಗಿ ಫೋನ್ ಮಾಡಿದಳು. ಮೊಮ್ಮಗಳ ಮೊದಲ ಹುಟ್ಟುಹಬ್ಬ. ಅಮ್ಮ ಬರಲೇಬೇಕು, ಜೊತೆಗೆ ಅಣ್ಣನೂ.

ಕಾಸರಗೋಡು ಪೇಟೆಯ ಒಂದು ಟ್ರಾವೆಲ್ಸಿಗೆ ಹೋದೆವು. ಮೇಜಿನ ಹಿಂದೆ ಇದ್ದ ಹುಡುಗ ಅಮ್ಮನ ಪಾಸ್‌ಪೋರ್ಟ್ ಬಿಡಿಸಿದ. ಮುಖ ಸಣ್ಣ ಮಾಡಿದ. "ಒರು ಪೇರೇ ಉಳ್ಳೋ?" ಎಂದು ಮಲಯಾಳದಲ್ಲಿ ಕೇಳಿದ. ಒಂದೇ ಹೆಸರಾ ಇರುವುದು ಎಂದು.

"ಒಬ್ಬಳಿಗೆ ಎಷ್ಟು ಹೆಸರು ಬೇಕು ಮಾರಾಯ?" ಎಂದಳು ಅಮ್ಮ, ಕನ್ನಡದಲ್ಲಿ.

ತಪ್ಪು ನನ್ನದೇ. ಪಾಸ್‌ಪೋರ್ಟಿಗೆ ಅರ್ಜಿ ತುಂಬಿಸಿದವನು ನಾನು. ಹೆಸರು ಪರಮೇಶ್ವರಿ ಎಂದು ಬರೆದು, ಸರ್‌ನೇಮ್ ಎಂಬಲ್ಲಿ ಏನೂ ಬರೆಯದೆ ಬಿಟ್ಟಿದ್ದೆ. ಬರೆಯಲು ಏನಿತ್ತು? ಆಧಾರಿನಲ್ಲಿ ಬರೀ ಪರಮೇಶ್ವರಿ. ರೇಷನ್ ಕಾರ್ಡಿನಲ್ಲಿ ಮಲಯಾಳ ಅಕ್ಷರದಲ್ಲಿ ಪರಮೇಶ್ವರಿ ಅಮ್ಮ. ಆ ಲೆಕ್ಕದಲ್ಲಿ ಅವಳ ಸರ್‌ನೇಮ್ 'ಅಮ್ಮ'. ನನ್ನ ಮಟ್ಟಿಗೆ ಅದು ಸರಿಯೇ, ಆದರೆ ದುಬೈಯವರು ಒಪ್ಪಬೇಕಲ್ಲ.

ಒಪ್ಪುವುದಿಲ್ಲ ಎಂದ ಹುಡುಗ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದವರನ್ನು ಟೂರಿಸ್ಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಎಂದು ಯುಎಇಯವರು 2022ರ ನವೆಂಬರ್ 21ರಿಂದ ರೂಲ್ಸ್ ಮಾಡಿದ್ದಾರಂತೆ. ನಮ್ಮ ಕಡೆಯ ಅರ್ಧ ಊರಿಗೆ ಒಂದೇ ಹೆಸರು. ಮನೆ ಹೆಸರೋ ಅಪ್ಪನ ಹೆಸರೋ ಇದ್ದರೂ ಅದು ಮುಂದೆ ಒಂದು ಅಕ್ಷರವಾಗಿ, ಚುಕ್ಕಿ ಇಟ್ಟುಕೊಂಡು ಕುಳಿತಿರುತ್ತದೆ.

ಅಮ್ಮ ಎದ್ದು ನಿಂತಳು. "ಸಾಕು, ಮನೆಗೆ ಹೋಗುವ. ನನ್ನ ಹೆಸರು ಸಾಲದ ಊರಿಗೆ ನಾನೂ ಇಲ್ಲ."

ಹುಡುಗ ಪಾಸ್‌ಪೋರ್ಟಿನ ಕೊನೆಯ ಪುಟ ತಿರುಗಿಸಿದ. ಅಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಶಂಕರ ಭಟ್ಟ ಎಂದಿತ್ತು. ಅವನ ಮುಖ ಅರಳಿತು. ತಂದೆಯ ಹೆಸರು ಆ ಪುಟದಲ್ಲಿದ್ದರೆ ಆಗುತ್ತದೆ ಎಂದು ಆಮೇಲೆ ವಿವರಣೆ ಕೊಟ್ಟಿದ್ದಾರಂತೆ.

ಈ ಶಂಕರ ಭಟ್ಟರು, ಅಂದರೆ ನನ್ನ ಅಜ್ಜ, ಬದುಕಿಡೀ ಚಂದ್ರಗಿರಿ ಹೊಳೆ ದಾಟಿದವರಲ್ಲ. ಹೊಳೆಯ ಆಚೆ ಮಲಯಾಳ, ಅಲ್ಲಿ ನಮಗೆಂತ ಕೆಲಸ ಎನ್ನುತ್ತಿದ್ದರು. ಸತ್ತು 31 ವರ್ಷವಾದ ಮೇಲೆ ಮಗಳನ್ನು ಸಮುದ್ರ ದಾಟಿಸಲು ಹೊರಟರು.

"ಅಪ್ಪ ಬೇಕಾದಲ್ಲಿ ಇರುತ್ತಿದ್ದರು" ಎಂದು ಅಮ್ಮ ಮತ್ತೆ ಕುಳಿತಳು.

ಆಗ ನಾನು ಜಾಣನಂತೆ, "ಅಮ್ಮನದ್ದು ನಾನೇ ನೋಡಬೇಕಿತ್ತು. ನನ್ನದು ಎಲ್ಲ ಸರಿ ಉಂಟು" ಎಂದು ನನ್ನ ಪಾಸ್‌ಪೋರ್ಟ್ ಮುಂದೆ ನೂಕಿದೆ. ಹುಡುಗ ಬೆರಳು ಮಡಿಸಿ ಲೆಕ್ಕ ಹಾಕಿದ. ಅವಧಿ ಮುಗಿಯಲು ಇನ್ನು ಐದು ತಿಂಗಳು, ಹದಿನೆಂಟು ದಿನ. ಕಮ್ಮಿಯೆಂದರೂ ಆರು ತಿಂಗಳು ಇರಬೇಕು. ಮೂವತ್ತು ದಿನಕ್ಕೆ ಹೋಗುವವನಿಗೆ ಆರು ತಿಂಗಳು ಯಾಕೆ ಎಂದು ಕೇಳುವ ಹಾಗಿಲ್ಲ. ತತ್ಕಾಲ್‌ನಲ್ಲಿ 1500ರ ಮೇಲೆ 2000 ಕಟ್ಟಿ, ರೈಲು ಹತ್ತಿ ಪಯ್ಯನ್ನೂರಿನ ಪಾಸ್‌ಪೋರ್ಟ್ ಕೇಂದ್ರಕ್ಕೆ ಹೋಗಿ ಬಂದೆ. ಆ ಇಡೀ ವಾರ ಅಮ್ಮ ಮನೆಗೆ ಬಂದವರಿಗೆಲ್ಲ, "ನನ್ನದು ಆಯಿತು, ಇವನದ್ದೇ ಬಾಕಿ" ಎಂದು ಹೇಳುತ್ತಿದ್ದಳು.

ಬದಿಯಡ್ಕದ ಸ್ಟುಡಿಯೋದಲ್ಲಿ ಫೋಟೋ. ಹಿಂದೆ ಬಿಳಿ ಪರದೆ ಇರಬೇಕು. ಅಮ್ಮನ ತಲೆಯೂ ಬಿಳಿ. ಕಂಪ್ಯೂಟರಿನಲ್ಲಿ ನೋಡಿದರೆ ಕೂದಲು ಮಾಯವಾಗಿ ಹಣೆ ನೇರ ಪರದೆಗೇ ಸೇರಿಕೊಂಡಿತ್ತು. ಸ್ಟುಡಿಯೋದವ ಮೌಸ್ ಹಿಡಿದು ಕೂದಲಿನ ಅಂಚು ಹುಡುಕಿದ, ಹುಡುಕಿದ, ಕೊನೆಗೆ ಸ್ವಲ್ಪ ಕಪ್ಪು ಬಳಿದ. ಫೋಟೋದಲ್ಲಿ ಅಮ್ಮನಿಗೆ ಹದಿನೈದು ವರ್ಷ ಕಮ್ಮಿಯಾಯಿತು. "ಇದನ್ನು ದೊಡ್ಡದು ಮಾಡಿ ಕೊಡು" ಎಂದಳು. ಇದು ವೀಸಾಕ್ಕೆ ನಡೆಯುವುದಿಲ್ಲ ಎಂದು ಗೋಗರೆದು, ದೀಪ ಆಚೀಚೆ ಮಾಡಿಸಿ, ಬೇರೆ ತೆಗೆಸಿದೆ. ಕಪ್ಪು ಕೂದಲಿನದ್ದು ಈಗ ಚಾವಡಿಯಲ್ಲಿ ಫ್ರೇಮಿನೊಳಗೆ ಉಂಟು.

ವೀಸಾ ಬಂದದ್ದು ವಾಟ್ಸಾಪಿನಲ್ಲಿ. ಅಮ್ಮನಿಗೆ ಅದು ಸ್ವಲ್ಪ ನಿರಾಸೆ. ಇಷ್ಟೆಲ್ಲ ಓಡಿಸಿ ಒಂದು ಸೀಲು ಕೂಡ ಇಲ್ಲವಾ ಎಂದಳು. ಅವಧಿ ಮೀರಿದರೆ ದಿನಕ್ಕೆ 50 ದಿರ್ಹಾಮ್ ದಂಡ ಎಂದಾಗ ಮಾತ್ರ ಗಂಭೀರವಾದಳು. "ಎರಡು ಕಿಲೋ ಅಡಕೆಯ ದುಡ್ಡು!"

ನಿಜವಾದ ಜಗಳ ಆದದ್ದು ಚೀಲ ತುಂಬಿಸುವಾಗ. ಹಲಸಿನ ಹಪ್ಪಳಕ್ಕೆ ನನ್ನ ತಕರಾರಿಲ್ಲ. ಮಾವಿನ ಮಿಡಿ ಉಪ್ಪಿನಕಾಯಿ ಐದು ಪದರ ಪ್ಲಾಸ್ಟಿಕ್ಕಿನೊಳಗೆ ಹೋಯಿತು. ಒಣ ಕೊಬ್ಬರಿ ಹೊರಗೆ ಬಂತು, ಎಣ್ಣೆ ಜಾಸ್ತಿ, ಬೆಂಕಿ ಹಿಡಿದೀತು ಎಂದು ವಿಮಾನದವರು ಬಿಡುವುದಿಲ್ಲ. ಅದರ ಅಡಿಯಲ್ಲಿ ಹಳೆಯ ಹಾರ್ಲಿಕ್ಸ್ ಬಾಟಲಿ. ಬಾಟಲಿ ತುಂಬ ಗಸಗಸೆ.

"ಅಮ್ಮ, ಇದನ್ನು ಕಂಡರೆ ಅಲ್ಲಿ ಹಿಡಿದು ಒಳಗೆ ಹಾಕುತ್ತಾರೆ. ಅಲ್ಲಿ ಗಸಗಸೆಯೂ ಅಫೀಮೂ ಒಂದೇ ಲೆಕ್ಕ."

"ಮಗುವಿನ ಹುಟ್ಟುಹಬ್ಬಕ್ಕೆ ಪಾಯಸ ಬೇಡವಾ? ಕುಡಿದರೆ ಒಂದು ನಿದ್ದೆ ಬರುತ್ತದೆ ಅಷ್ಟೇ. ನಿದ್ದೆ ಮಾಡಿದರೂ ತಪ್ಪಾ ಆ ಊರಿನಲ್ಲಿ?"

ಬಾಟಲಿ ಅಡುಗೆಮನೆಗೆ ವಾಪಸಾಯಿತು. ಆದರೆ ವೀಳ್ಯದೆಲೆಯೂ ಅಲ್ಲಿ ನಿಷೇಧ ಎಂದು ಹೇಳುವ ಧೈರ್ಯ ಬರಲು ನನಗೆ ಎರಡು ದಿನ ಹಿಡಿಯಿತು. ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ. ಹೊರಟ ದಿನ ಕಾರು ಹತ್ತಿದ್ದೇ ಮಡಿಲಿನಲ್ಲಿ ಎಲೆಯ ಸಂಚಿ ಬಿಚ್ಚಿ, ಒಂದೊಂದೇ ಎಲೆಗೆ ಸುಣ್ಣ ಹಚ್ಚುತ್ತ ಹೋದಳು. ಮಂಜೇಶ್ವರ ಬಂದಾಗ ಸಂಚಿಯಲ್ಲಿ ಮೂರೆಲೆ. ತಲಪಾಡಿಯಲ್ಲಿ ಕೊನೆಯದ್ದು.

ಮಂಗಳೂರು ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರಿನಲ್ಲಿ ಒಬ್ಬರು ಸಾಹೇಬರು ಅಮ್ಮನ ಕೆಂಪು ಬಾಯಿಯನ್ನೂ ಪಾಸ್‌ಪೋರ್ಟನ್ನೂ ನೋಡಿದರು.

"ಯಾರ ಮನೆಗಮ್ಮಾ ಹೋಗ್ತಿರೋದು?"

"ಮಗಳ ಮನೆಗೆ. ಮೊಮ್ಮಗಳ ಹುಟ್ಟುಹಬ್ಬ. ಗಸಗಸೆ ತಂದಿಲ್ಲ."

ನಾನು ಹಿಂದಿನಿಂದ ಸೆರಗು ಎಳೆದೆ. ಅವರು ಪುಣ್ಯಕ್ಕೆ ನಕ್ಕರು. ಪುಟ ತಿರುಗಿಸಿ ವಿಳಾಸ ಓದಿದರು. "ಓ, ಕಾಸರಗೋಡಾ? ಕೇರಳದವರಾದ್ರೂ ಕನ್ನಡ ಚೆನ್ನಾಗಿ ಮಾತಾಡ್ತೀರಲ್ಲಮ್ಮಾ!"

ಈ ಮಾತನ್ನು ನಾವು ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಮದುವೆ ಮನೆಗಳಲ್ಲಿ ಕೇಳಿ ಕೇಳಿ ಹಣ್ಣಾಗಿದ್ದೇವೆ. ನಾನಾದರೆ ಹಲ್ಲು ಕಿರಿದು ಸುಮ್ನಾಗುತ್ತಿದ್ದೆ. ಅಮ್ಮ ಅವರನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳು.

"ನಿಮ್ಮದೂ ಅಡ್ಡಿಯಿಲ್ಲ" ಎಂದಳು.

ಸೀಲು ಬಿತ್ತು.