ಬಾಡಿಗೆಯ ಚೌಕಾಸಿಯನ್ನು ಬಾಡಿಗೆದಾರರ ಸಂಘ ಮಾಡಬೇಕೇ?

ಪರ: ಒಂಟಿ ಬಾಡಿಗೆದಾರನ ಮಾತು ನಡೆಯುವುದಿಲ್ಲ

ಮನೆ ಖಾಲಿ ಮಾಡುವ ದಿನ ಗೋಡೆಯ ಮೊಳೆ ಗುರುತು ತೋರಿಸಿ ಅರ್ಧ ಅಡ್ವಾನ್ಸ್ ಮುರಿದುಕೊಂಡರೆ ಬಾಡಿಗೆದಾರ ಏನು ಮಾಡಬೇಕು? ಕಾನೂನು ಅವನ ಕಡೆಗೇ ಇರಬಹುದು. ಆದರೆ ಹೋದ ಹಣಕ್ಕಿಂತ ವಕೀಲರ ಫೀಸೇ ಹೆಚ್ಚು. ಸಾಮಾನು ಹೇರಿದ ಗಾಡಿ ಬಾಗಿಲಲ್ಲಿ ನಿಂತಿದೆ, ಹೊಸ ಮನೆಗೆ ಇವತ್ತೇ ದುಡ್ಡು ಕಟ್ಟಬೇಕು. ಕೊಟ್ಟಷ್ಟು ತೆಗೆದುಕೊಂಡು ಹೊರಡುತ್ತಾನೆ. ಮಾಲೀಕರೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಕಾಯುವ ತ್ರಾಣ ಒಬ್ಬರಿಗಿದೆ, ಇನ್ನೊಬ್ಬರಿಗಿಲ್ಲ.

ಒಗ್ಗಟ್ಟಾದರೆ ಏನಾಗುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರವನ್ನು 1915ರಲ್ಲಿ ನೋಡಬೇಕು. ಮೊದಲ ಮಹಾಯುದ್ಧದ ಕಾಲ. ಹಡಗುಕಟ್ಟೆಗೆ, ಮದ್ದುಗುಂಡಿನ ಕಾರ್ಖಾನೆಗಳಿಗೆ ಕೆಲಸಗಾರರು ಬಂದು ತುಂಬಿದ್ದರು. ಮಾಲೀಕರು ಬಾಡಿಗೆ ಏರಿಸಿದರು. ಗೋವನ್ ಬಡಾವಣೆಯ ಮೇರಿ ಬಾರ್ಬರ್ ಮತ್ತು ನೆರೆಹೊರೆಯ ಹೆಂಗಸರು ಏರಿಕೆ ಕಟ್ಟುವುದಿಲ್ಲವೆಂದು ಕೂತರು. ಮನೆ ಖಾಲಿ ಮಾಡಿಸಲು ಅಮೀನರು ಬಂದರೆ ಕಾವಲಿದ್ದವಳು ಗಂಟೆ ಬಾರಿಸುವಳು. ಕೈಗೆ ಸಿಕ್ಕ ಹಿಟ್ಟನ್ನೇ ಹಿಡಿದು ಅಕ್ಕಪಕ್ಕದವರು ಓಡಿಬಂದು ಮೆಟ್ಟಿಲಲ್ಲಿ ಅಡ್ಡ ನಿಲ್ಲುವರು. ನವೆಂಬರ್ ಹೊತ್ತಿಗೆ ಸುಮಾರು 20,000 ಮನೆಗಳವರು ಜೊತೆಗೂಡಿದ್ದರು. ಹಣ ಕಟ್ಟದವರನ್ನು 17ರಂದು ಕೋರ್ಟಿಗೆ ಕರೆಸಿದಾಗ ಸಾವಿರಾರು ಜನ ಹೊರಗೆ ನೆರೆದರು, ಕೇಸು ಕೈಬಿಟ್ಟರು. ಆ ವರ್ಷ ಮುಗಿಯುವುದರೊಳಗೆ ಬ್ರಿಟಿಷ್ ಸಂಸತ್ತು ಸಣ್ಣ ಮನೆಗಳ ಬಾಡಿಗೆಯನ್ನು ಯುದ್ಧಪೂರ್ವದ ಮಟ್ಟಕ್ಕೆ ಕಟ್ಟಿಹಾಕುವ ಕಾನೂನು ತಂದಿತು.

ಇದನ್ನು ಯಾವ ಒಬ್ಬ ಬಾಡಿಗೆದಾರನ ಅರ್ಜಿಯೂ ಮಾಡಿಸುತ್ತಿರಲಿಲ್ಲ. ಮನೆ ಬಿಡಿಸುವ ಕೇಸಿನಲ್ಲಿ ಬಡವರಿಗೆ ಪುಕ್ಕಟೆ ವಕೀಲರನ್ನು ಕೊಡುವ ಕಾನೂನನ್ನು ನ್ಯೂಯಾರ್ಕ್ ನಗರ 2017ರಲ್ಲಿ ಮಾಡಿತು. ಅದರ ಹಿಂದೆಯೂ ಬಾಡಿಗೆದಾರರ ಸಂಘಟನೆಗಳ ವರ್ಷಗಟ್ಟಲೆ ಓಡಾಟವಿತ್ತು. ನಲ್ಲಿ ಸೋರುತ್ತದೆಂದು ದೂರಿದವನನ್ನು ಮನೆ ಬಿಡು ಎನ್ನುವುದು ಸುಲಭ. ಕಟ್ಟಡದವರೆಲ್ಲ ಸಹಿ ಹಾಕಿದ ಪತ್ರ ಬಂದರೆ ಪ್ಲಂಬರ್ ಬರುತ್ತಾನೆ.

ವಿರೋಧ: ಇನ್ನೂ ಮನೆ ಸಿಗದವರ ಪರ ಯಾರು?

ಅಡ್ವಾನ್ಸ್ ವಾಪಸ್ ಕೊಡಿಸಲಿ, ಕರಾರು ಓದಿ ತಿಳಿಸಲಿ, ಕೋರ್ಟಿಗೆ ಜೊತೆಯಲ್ಲಿ ಹೋಗಲಿ. ಅಂಥ ಸಂಘ ಬೇಕೇ ಬೇಕು. ನನ್ನ ತಕರಾರು ಬಾಡಿಗೆ ಎಷ್ಟಿರಬೇಕೆಂದು ಸಂಘ ಕೂತು ಗೊತ್ತುಮಾಡುವುದರ ಬಗ್ಗೆ.

ಸ್ವೀಡನ್ನಿನಲ್ಲಿ ಬಾಡಿಗೆದಾರರ ರಾಷ್ಟ್ರೀಯ ಸಂಘ ಮಾಲೀಕರ ಜೊತೆ ಮಾತುಕತೆಗೆ ಕೂತು ಬಾಡಿಗೆ ಒಪ್ಪಿಸುತ್ತದೆ. ಒಳಗಿದ್ದವರಿಗೆ ಇದು ನೆಮ್ಮದಿ, ನಿಜ. ಆದರೆ ಸ್ಟಾಕ್‌ಹೋಮಿನಲ್ಲಿ ಅಂಥ ಮನೆಗೆ ಸರದಿಯಲ್ಲಿ ವರ್ಷಗಟ್ಟಲೆ ಕಾಯಬೇಕು. ಕೆಲಸಕ್ಕೆಂದು ಹೊಸದಾಗಿ ಬಂದ ಹುಡುಗಿ ಅಲ್ಲಿಯವರೆಗೆ ಯಾರದೋ ಮನೆಯಲ್ಲಿ ಒಳಬಾಡಿಗೆಗೆ ಇರಬೇಕು, ಅದೂ ಹೆಚ್ಚು ಹಣ ತೆತ್ತು. ಹೊಸದಾಗಿ ಕಟ್ಟುವ ಮನೆಗಳ ಬಾಡಿಗೆಯನ್ನಾದರೂ ಮುಕ್ತವಾಗಿ ಬಿಡೋಣವೆಂಬ ಪ್ರಸ್ತಾವ ಬಂದದ್ದಕ್ಕೆ 2021ರ ಜೂನ್‌ನಲ್ಲಿ ಪ್ರಧಾನಿ ಸ್ಟೆಫಾನ್ ಲೋವೆನ್ ಅವಿಶ್ವಾಸ ಮತದಲ್ಲಿ ಸೋತರು. ಸರದಿಯಲ್ಲಿ ನಿಂತವರಿಗೆ ಇಷ್ಟು ಬಲದ ದನಿ ಎಲ್ಲಿದೆ?

ಸಂಘಗಳು ಕೇಳುವ ಬಾಡಿಗೆ ಮಿತಿಯ ಕಥೆಯೂ ಇದೇ. ಸ್ಯಾನ್ ಫ್ರಾನ್ಸಿಸ್ಕೊ 1994ರಲ್ಲಿ ಈ ಮಿತಿಯನ್ನು 1980ಕ್ಕೆ ಮುಂಚಿನ ಸಣ್ಣ ವಠಾರಗಳಿಗೂ ಚಾಚಿತು. ಸ್ಟ್ಯಾನ್‌ಫರ್ಡ್ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ, ಇದ್ದವರು ಅಲ್ಲೇ ಉಳಿಯುವುದಕ್ಕೆ ಅದು ನೆರವಾಗಿತ್ತು. ಆದರೆ ಮಿತಿಗೊಳಗಾದ ಮಾಲೀಕರು ಮಾರಿಯೋ ಒಡೆದು ಕಟ್ಟಿಯೋ ಬಾಡಿಗೆ ಮನೆಗಳನ್ನು ಶೇ. 15ರಷ್ಟು ಕಡಿಮೆ ಮಾಡಿದ್ದರು. ಊರಿನ ಒಟ್ಟು ಬಾಡಿಗೆ ಶೇ. 5ರಷ್ಟು ಏರಿತ್ತು.

ನಿವೃತ್ತಿಯ ಹಣ ಸುರಿದು ಮೇಲೊಂದು ಮನೆ ಕಟ್ಟಿಸಿ, ಅದರ ಬಾಡಿಗೆಯಲ್ಲೇ ಔಷಧಿ ಖರ್ಚು ತೂಗಿಸುವ ಮಾಲೀಕರೂ ಇದ್ದಾರೆ. ಬೇಡಿಕೆ ಪಟ್ಟಿ ಹಿಡಿದು ಸಂಘ ಬಾಗಿಲಿಗೆ ಬಂದರೆ ಅವರು ವಾದಕ್ಕೆ ನಿಲ್ಲುವುದಿಲ್ಲ. ಮುಂದಿನ ಸಲ ಗೊತ್ತಿದ್ದವರಿಗೆ ಮಾತ್ರ ಮನೆ ಕೊಡುತ್ತಾರೆ, ಇಲ್ಲವೇ ಬೀಗ ಹಾಕಿ ಇಟ್ಟುಕೊಳ್ಳುತ್ತಾರೆ. ಬಾಡಿಗೆ ಇಳಿಯಬೇಕೆಂದರೆ ಮನೆಗಳು ಹೆಚ್ಚಬೇಕು. ಸಂಘದ ಹೋರಾಟ ಅದಕ್ಕಾಗಿಯಾದರೆ ನಾನೂ ಚಂದಾ ಕಟ್ಟುತ್ತೇನೆ.