ಸ್ಪಷ್ಟನೆ: ನೆನಪು ಕಳೆದುಕೊಂಡವಳು ಡೊನ್ನಾ, ರೋಸ್ ಅಲ್ಲ

‘ಡಾಕ್ಟರ್ ಹೂ’ ಬ್ರಿಟನ್ನಿನ ಟಿವಿ ಸರಣಿ. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ‘ಡಾಕ್ಟರ್’ ಅದರ ನಾಯಕ; ರೋಸ್, ಡೊನ್ನಾ ಅವನ ಜೊತೆ ಸುತ್ತಿದ ಗೆಳತಿಯರು.

"‘ಡಾಕ್ಟರ್ ಹೂ’ ಸರಣಿಯ ರೋಸ್ ಮತ್ತು ಡೊನ್ನಾ ಕಥೆ ಒಂದೇ. ಇಬ್ಬರ ನೆನಪನ್ನೂ ಡಾಕ್ಟರ್ ಅಳಿಸಿದ. ಮೊದಲು ಯಾರಿಗೂ ಹೀಗಾಗಿರಲಿಲ್ಲ." ಕಲಬುರಗಿಯ ನಮ್ಮ ಗುಂಪಿನಿಂದ ಹೊರಟ ಈ ಮೆಸೇಜು ಈಗ ಬೀದರ್ ಗೆಳೆಯರಿಂದ ನನಗೇ ವಾಪಸ್ ಬಂದಿದೆ. ಬರೆದವನು ನಾನೇ. ಸಂಜೆ ಸುಸಲಾ-ಮಿರ್ಚಿ ತಿನ್ನುತ್ತಾ ಸುಮ್ನೆ ಟೈಪ್ ಮಾಡಿದ್ದೆ. ಅದು ತಪ್ಪು.

ಆ ಕಂತುಗಳನ್ನು ಮತ್ತೆ ನೋಡಿದೆ. ಹೋಲಿಕೆ ಇರುವುದು ನಿಜ. ರೋಸ್ ಲಂಡನ್ನಿನ ಅಂಗಡಿ ಹುಡುಗಿ, ಡೊನ್ನಾ ಆಫೀಸುಗಳಲ್ಲಿ ತಾತ್ಕಾಲಿಕ ಕೆಲಸದವಳು. ಇಬ್ಬರ ಮೈಗೂ ಮನುಷ್ಯರು ತಾಳಲಾರದ ಶಕ್ತಿ ಹೊಕ್ಕಿತು. ಆದರೆ 2005ರಲ್ಲಿ ರೋಸ್‌ಳ ಶಕ್ತಿಯನ್ನು ಡಾಕ್ಟರ್ ತನ್ನೊಳಗೆ ಎಳೆದುಕೊಂಡ. ಅವಳು ಅವನನ್ನು ಮರೆಯಲಿಲ್ಲ. 2008ರಲ್ಲಿ ಡೊನ್ನಾಳ ತಲೆಯಲ್ಲಿ ಡಾಕ್ಟರನ ಬುದ್ಧಿಯೇ ತುಂಬಿಕೊಂಡಿತ್ತು. ಹಾಗೇ ಬಿಟ್ಟರೆ ಸಾಯುತ್ತಿದ್ದಳು. ಅದಕ್ಕೇ ಅವಳು ಬೇಡ ಬೇಡ ಎಂದರೂ ನೆನಪು ಅಳಿಸಿದ. ನೋಡಿದವರಿಗೆ ಗೊತ್ತು, ಆ ದೃಶ್ಯ ಎಷ್ಟು ಸಂಕಟ ಕೊಡುತ್ತದೆ ಅಂತ.

ಡೊನ್ನಾಳಿಗೆ ನಿಜವಾದ ಜೋಡಿ ಅಂದರೆ ಡಾಕ್ಟರನ ಹಳೆಯ ಗೆಳತಿ ಜೋಯಿ. 1969ರಲ್ಲೇ ಅವಳ ನೆನಪು ಹೋಗಿತ್ತು. ಅಳಿಸಿದ್ದು ಡಾಕ್ಟರ್ ಅಲ್ಲ, ಅವನ ಕುಲದ ಟೈಮ್ ಲಾರ್ಡ್‌ಗಳು. ಡಾಕ್ಟರ್ ಜೊತೆಗಿನ ಮೊದಲ ಸಾಹಸ ಮಾತ್ರ ಅವಳ ನೆನಪಿಗೆ ಉಳಿಯಿತು. ಡೊನ್ನಾಳ ನೆನಪು 2023ರಲ್ಲಿ ಮರಳಿತು, ಅದನ್ನೂ ನಾನು ಬಿಟ್ಟಿದ್ದೆ!

ಹಳೆಯ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದರ ಕೆಳಗೆ ಇದನ್ನು ಹಾಕಿಬಿಡಿ.